ಡ್ರಾಯರಿಗೆ ಯಾವ ಹಾಸು ಅನ್ನೋದು ಆಮೇಲೆ, ಮೊದ್ಲು ಆ ಗಮ್ ಡಬ್ಬ ಬದಿಗಿಡಿ

ಕುಮಟಾದಲ್ಲಿ ಬೈಕ್ ಗ್ಯಾರೇಜು, ಹೊಸ ಟೂಲ್ ಕ್ಯಾಬಿನೆಟ್ಟು, ಡ್ರಾಯರೊಳಗೆ ಫೆಲ್ಟ್ (ಒತ್ತಿ ಮಾಡಿದ ಉಣ್ಣೆ ಥರದ ದಪ್ಪ ಬಟ್ಟೆ) ಹಾಸೋದಾ ರಬ್ಬರಾ ಫೋಮಾ, ಎಂತಾ ಗಮ್ಮಲ್ಲಿ ಅಂಟಿಸೋದು ಅಂತ ಕೇಳಿದ್ದೀರಿ. ಗಮ್ ಅನ್ನೋ ಶಬ್ದ ಓದಿದ ಕೂಡ್ಲೇ ನನ್ನ ಹೊಟ್ಟೆ ಚುರ್ ಅಂತು ಮಾರಾಯ್ರೆ.

ನಾನು ಕಾರವಾರದಲ್ಲಿ ಬೈತಖೋಲ ಬಂದರಿನ ಹತ್ರ ಬೋಟ್ ಇಂಜಿನ್ ಕೆಲ್ಸ ಮಾಡೋನು. ಸ್ವಂತ ಶೆಡ್ ಹಾಕಿ ಎರಡನೇ ವರ್ಷ ಐದು ಡ್ರಾಯರಿನ ಕಬ್ಬಿಣದ ಕ್ಯಾಬಿನೆಟ್ ತಂದೆ, ಫಾರಿನ್ ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿತ್ತು, ಹಸಿರು ಫೆಲ್ಟ್ ತರಿಸಿ ಚಪ್ಪಲಿ ಅಂಟಿಸೋ ಗಮ್ ಬಳಿದು ಮೂಲೆ ಮೂಲೆಗೂ ಒತ್ತಿ ಒತ್ತಿ ಕೂರಿಸಿದೆ. ನನ್ನ ಮಿಸ್ತ್ರಿ ಬಂದು ನೋಡಿ "ಎಂತದೋ ತಮಾ, ಪಾನಾಕ್ಕೆ ಹಾಸಿಗೆ ಹಾಸಿದ್ದೀಯ, ತಲೆದಿಂಬು ಎಲ್ಲಿ?" ಅಂದ. ನಾನು ನಕ್ಕೆ.

ಆ ವರ್ಷ ಜೂನ್ ಜುಲೈ ಎರಡು ತಿಂಗ್ಳು ಮೀನುಗಾರಿಕೆ ಬಂದ್ ಇದ್ದಾಗ ಕೈತುಂಬ ಕೆಲ್ಸ, ಆಗಸ್ಟ್ 1ಕ್ಕೆ ಬೋಟೆಲ್ಲ ಕಡಲಿಗೆ ಇಳೀಬೇಕಲ್ಲ. ಜುಲೈ 31ರ ರಾತ್ರಿ ಕೂಲಿಂಗ್ ಪಂಪ್ ಬಿಚ್ಚಿದ ಉಪ್ಪುನೀರಿನ ಕೈಯಲ್ಲೇ ಟೂಲೆಲ್ಲ ಬಟ್ಟೆಯಲ್ಲಿ ಒಂದು ಸಲ ಒರೆಸಿದ ಹಾಗೆ ಮಾಡಿ ಡ್ರಾಯರಿಗೆ ತುಂಬ್ದೆ, ಬಾಗ್ಲು ಹಾಕಿ ಶಿರಸಿಗೆ ಹೋದೆ, ಮನೇಲಿ ಅಡಿಕೆಗೆ ಎರಡನೇ ಸಲ ಕೊಳೆ ಔಷಧಿ ಹೊಡೆಯೋದಿತ್ತು, ಮಳೆ ಬಿಡ್ಲೇ ಇಲ್ಲ, ಬರೋಕೆ ಇಪ್ಪತ್ತು ದಿನ ಆಯ್ತು.

ಬಂದು ಡ್ರಾಯರ್ ಎಳೆದ್ರೆ ಎಲ್ಲಾ ಫಳಫಳ. ಖುಷಿಯಾಗಿ 17ರ ಪಾನಾ (ಸ್ಪ್ಯಾನರ್) ಎತ್ತಿದೆ, ಫೆಲ್ಟಿನ ಮೇಲೆ ಅದ್ರದ್ದೇ ಕಂದು ಅಚ್ಚು, ಉಬ್ಬಿದ 17 ಅಂಕಿ ಉಲ್ಟಾ ಬಿದ್ದಿತ್ತು. ಪಾನಾ ತಿರುಗಿಸಿದ್ರೆ ಹೊಟ್ಟೆ ಭಾಗ ಪೂರ್ತಿ ತುಕ್ಕು. ಸಣ್ಣ ಸಂದಿ ಅಳೆಯೋ ಫೀಲರ್ ಗೇಜಿನ ತೆಳು ಉಕ್ಕಿನ ಎಲೆಗಳು ಒಂದಕ್ಕೊಂದು ಅಂಟಿ ಬಿಟ್ಟಿದ್ವು, ಬಿಡಿಸಿದ್ರೆ 0.05 ಎಂಎಂದು ಕೈಯಲ್ಲೇ ಮುರೀತು.

ಫೆಲ್ಟ್ ಎಂತಕ್ಕೆ ಹೀಗೆ ಮಾಡ್ತದೆ ಅಂದ್ರೆ, ಮಳೆಗಾಲದಲ್ಲಿ ಮನೆಯ ಸಾಣಿಕಟ್ಟಾ ಉಪ್ಪಿನ ಭರಣಿ ನೆನಪು ಮಾಡ್ಕೊಳ್ಳಿ, ಯಾರೂ ನೀರು ಹಾಕದಿದ್ರೂ ತಳದಲ್ಲಿ ನೀರು. ಗಾಳಿಯ ತೇವ ನೂರಕ್ಕೆ 75 ದಾಟಿದ್ರೆ ಉಪ್ಪು ತಾನಾಗೇ ನೀರು ಎಳ್ಕೊಂಡು ಕರಗ್ತದೆ, ಕಡಲ ಉಪ್ಪಲ್ಲಿ ಮೆಗ್ನೀಷಿಯಂ ಬೇರೆ ಇರೋದ್ರಿಂದ ಅದಕ್ಕಿಂತ ಮೊದ್ಲೇ ಒದ್ದೆ ಆಗ್ತದೆ. ಒಂದು ಸಲ ಫೆಲ್ಟಿಗೆ ಉಪ್ಪು ಇಳೀತು ಅಂದ್ರೆ ಆ ಮಳೆಗಾಲ ಪೂರ್ತಿ ಅದು ಒಣಗೋದಿಲ್ಲ.

ಇಷ್ಟಕ್ಕೇ ನಿಂತಿದ್ರೆ ಫೆಲ್ಟ್ ಎತ್ತಿ ಬಿಸಾಕಿ ಸುಮ್ನಾಗ್ತಿದ್ದೆ. ಅಂಟಿಸಿದ್ನಲ್ಲ! ಮೇಲಿನ ನೂಲು ಕಿತ್ತು ಬಂತು, ಗಮ್ಮು ಬರ್ಲಿಲ್ಲ. ಪುಟ್ಟಿ ಪಟ್ಟಿ ತಗೊಂಡು ಕೆರೆದೆ, ಪೆಟ್ರೋಲ್ ಹಾಕಿ ತಿಕ್ಕಿದೆ, ಆಮೇಲೆ ಥಿನ್ನರ್. ಗಮ್ ಹೋಯ್ತು, ಜೊತೆಗೆ ಡ್ರಾಯರಿನ ಬಣ್ಣಾನೂ ಹೋಯ್ತು, ಬರೀ ತಗಡು ಕಂಡಿದ್ದೇ ತಡ, ದಸರಾ ಹೊತ್ತಿಗೆ ಡ್ರಾಯರೇ ತುಕ್ಕು. ಟೂಲ್ ಹೋಗಿದ್ದು ಸಾಕಾಗ್ಲಿಲ್ಲ ಅಂತ ಕ್ಯಾಬಿನೆಟ್ಟೂ ಹೋಯ್ತು. ಬರೀ ಹಾಸಿಟ್ಟಿದ್ರೆ ವಾರಕ್ಕೊಂದು ಸಲ ಎತ್ತಿ ಕೆಳಗೆ ನೋಡ್ತಿದ್ದೆ, ತೊಳೆದು ಒಣಗಿಸ್ತಿದ್ದೆ, ಆ ಇಪ್ಪತ್ತು ದಿನದ ಹಾಳು ಅಲ್ಲಿಗೇ ಮುಗೀತಿತ್ತು.

ಹಾಗಾಗಿ ನೀವು ಕೇಳಿದ ಪ್ರಶ್ನೆನೇ ಸರಿ ಇಲ್ಲ ಅಂತ ನಾನು ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. ಯಾವ ಮಟೀರಿಯಲ್ ಅಂತಲ್ಲ, ಅದನ್ನ ಎತ್ತಿ ಸಿಹಿನೀರಲ್ಲಿ ತೊಳೆಯೋಕೆ ಬರ್ತದಾ ಅಂತ ಕೇಳಿ. ನಾನು ಈಗ ಹಾಸಿರೋದು ಗೆರೆಗೆರೆ ಇರೋ ರಬ್ಬರ್ ಶೀಟು, ಎಣ್ಣೆ ತಡ್ಕೊಳ್ಳೋ ನೈಟ್ರೈಲ್ ಅಂತ ಕೇಳಿ ತಗೊಳ್ಳಿ, ಸಾದಾ ರಬ್ಬರ್ ಆಯಿಲ್ ಬಿದ್ದು ಉಬ್ಬಿಕೊಳ್ತದೆ. ದಪ್ಪ 3 ಎಂಎಂ ಸಾಕು, ಜಾಸ್ತಿ ಆದ್ರೆ ದೊಡ್ಡ ಸಾಕೆಟ್ಟು ಮೇಲಿನ ಡ್ರಾಯರಿಗೆ ತಾಗ್ತದೆ. ಸುತ್ತ ಅರ್ಧ ಬೆರಳು ಚಿಕ್ಕ ಕತ್ತರಿಸಿ, ಉಗುರು ಹಾಕಿ ಎತ್ತೋಕೆ ಬರ್ಬೇಕು. ಹಾಸಿಗೆಯ ಸ್ಪಂಜು ಮಾತ್ರ ತರ್ಲೇಬೇಡಿ, ಮೊದ್ಲು ನೀರು ಕುಡೀತದೆ, ಆಮೇಲೆ ಪುಡಿ ಆಗ್ತದೆ. ಜಾಲರಿ ಥರದ ಅಗ್ಗದ ಪಿವಿಸಿ ಮ್ಯಾಟ್ ಒಂದು ಡ್ರಾಯರಿಗೆ ಹಾಕಿದ್ದೆ, ಸ್ಕ್ರೂ ಡ್ರೈವರಿನ ಪ್ಲಾಸ್ಟಿಕ್ ಹಿಡಿ ಅದಕ್ಕೆ ಅಂಟಿ ಮೈತುಂಬ ಚೌಕ ಚೌಕ ಗುರುತು. ಗಟ್ಟಿ ಈವಿಎ ಫೋಮ್ (ಹಗುರ ಚಪ್ಪಲಿಯ ಅಟ್ಟೆ ಥರದ್ದು) ನೀರು ಕುಡಿಯೋದಿಲ್ಲ, ಚಲೋ ಇದೆ, ಆದ್ರೆ ಟೂಲಿನ ಆಕಾರಕ್ಕೆ ಕೊರೆದ ಗುಂಡಿಯಲ್ಲಿ ನೀರು ನಿಂತ್ರೆ ಅದೂ ಅಷ್ಟೇ.

ನಿಮ್ಮ ಗ್ಯಾರೇಜಿಗೆ ಬೋಟಿನಷ್ಟು ಉಪ್ಪು ಬರೋದಿಲ್ಲ ನಿಜ, ಆದ್ರೆ ಮೀನು ಹೊರೋ ಬೈಕ್ ಬರ್ತದಲ್ಲ, ಐಸ್ ನೀರು ಸೋರಿ ಸೋರಿ ಚೈನ್ ಎಂತಾ ಆಗಿರ್ತದೆ ನೋಡಿದ್ದೀರಿ. ಆ ಬೈಕ್ ಬಿಚ್ಚಿದ ದಿನ ಪಾನಾ ಸಿಹಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಒಳಗಿಡಿ. ಫೆಲ್ಟ್ ಈಗಾಗ್ಲೇ ತಂದಾಗಿದ್ರೆ ಘಟ್ಟದ ಮೇಲೆ ಯಾರಾದ್ರೂ ನೆಂಟ್ರಿಗೆ ಕೊಡಿ, ಗಮ್ಮು ಚಪ್ಪಲಿಗೆ ಇರ್ಲಿ.