ಮೈಕ್ ಮುಂದೆ ನಿಂತರೆ ಎಲ್ಲಾ ಮರೆತುಹೋಗುತ್ತೆ, ಏನು ಮಾಡಲಿ?

ಎಷ್ಟು ಬಾಯಿಪಾಠ ಮಾಡಿದರೂ ವೇದಿಕೆ ಮೇಲೆ ಮರೆತುಹೋಗುತ್ತೆ, ತರಬೇತಿಗೆ ಸೇರಲೋ ಮಾತ್ರೆ ತಗೊಳ್ಳಲೋ ಅಂತ ಕೇಳಿದ್ದೀರಿ. ಬಾಯಿಪಾಠ ಮಾಡಿದರೂ ಅಲ್ಲ, ಮಾಡಿದ್ದಕ್ಕೇ ಮರೆಯೋದು. ಇದು ತಲೆಗೆ ಹೋಗೋಕೆ ನಾನು ಒಂದು ಬಡ್ತಿ ಕಳೆದುಕೊಳ್ಳಬೇಕಾಯಿತು.

ಆಫೀಸಿನಲ್ಲಿ ಹೊಸ ಯೋಜನೆಯೊಂದನ್ನು ಮೇಲಿನವರ ಮುಂದೆ ವಿವರಿಸಬೇಕಿತ್ತು. ಹದಿನೈದು ನಿಮಿಷದ ಮಾತು. ಪೂರ್ತಿ ಬರೆದು, ಎಲ್ಲಿ ನಗಬೇಕು ಅನ್ನೋದಕ್ಕೂ ಗುರುತು ಹಾಕಿ ಉರು ಹೊಡೆದಿದ್ದೆ. ಎದ್ದು ನಿಂತೆ ನೋಡಿ, ಅಧ್ಯಕ್ಷರು ಗಡಿಯಾರದ ಕಡೆ ಕಣ್ಣು ಹಾಯಿಸಿ "ತಡ ಆಗಿದೆ, ಐದು ನಿಮಿಷದಲ್ಲಿ ಮುಖ್ಯವಾದದ್ದು ಹೇಳಿಬಿಡಿ" ಅಂದರು. ಮುಖ್ಯವಾದದ್ದು ಯಾವುದು? ತಿಂಗಳುಗಟ್ಟಲೆ ಅದೇ ಕೆಲಸದಲ್ಲಿ ಮುಳುಗಿದ್ದವನಿಗೆ ಹೊಳೆಯಲೇ ಇಲ್ಲ. ಏಳೆಂಟ್ಲ ಎಷ್ಟೋ ಅಂದರೆ ಏಳೊಂದ್ಲ ಏಳರಿಂದ ಶುರು ಮಾಡೋ ಹುಡುಗನ ಹಾಗೆ "ಎಲ್ಲರಿಗೂ ನಮಸ್ಕಾರ"ದಿಂದಲೇ ಹೊರಟೆ. ಸ್ವಲ್ಪ ದೂರ ಹೋಗಿ ಒಂದು ಪದ ಸಿಗಲಿಲ್ಲ. ಅದರ ಜಾಗಕ್ಕೆ ಬೇರೆ ಪದ ಹಾಕಬಹುದಲ್ಲ ಅಂತಲೂ ಅನ್ನಿಸಲಿಲ್ಲ. ಮತ್ತೆ ನಮಸ್ಕಾರ. ಯಾರೋ ನೀರಿನ ಲೋಟ ನನ್ನತ್ತ ಸರಿಸಿದರು.

ಈ ತಪ್ಪನ್ನು ಸ್ವಲ್ಪ ಎಳೆದೇ ಹೇಳ್ತೀನಿ, ಬೇಜಾರಾಗಬೇಡಿ. ಉರು ಹೊಡೆದ ಮಾತಿನಲ್ಲಿ ಪ್ರತಿ ಪದಕ್ಕೂ ಹಿಂದಿನ ಪದವೇ ಆಸರೆ. ಒಂದು ಕೊಂಡಿ ಕಳಚಿದರೆ ಮುಂದಿನದೆಲ್ಲ ಹೋಯಿತು. ನಡುವಿಂದ ಶುರು ಮಾಡೋಕಾಗಲ್ಲ, ಮೊಟಕು ಮಾಡೋಕಾಗಲ್ಲ. ಗಮನವೆಲ್ಲ ಮುಂದಿನ ಸಾಲು ಹುಡುಕೋದರಲ್ಲೇ ಇರೋದರಿಂದ ಎದುರಿಗೆ ಕೂತವರ ಮುಖ ಕಾಣಲ್ಲ. ಮರೆಯೋದರೊಳಗೆ ಮುಗಿಸಿಬಿಡೋಣ ಅಂತ ವೇಗ ಏರುತ್ತೆ, ಉಸಿರು ಸಾಲದೆ ದನಿ ನಡುಗುತ್ತೆ. ಸಭಾಕಂಪನ ಅಂತ ನಾವು ದೂರೋದರಲ್ಲಿ ಅರ್ಧ ನಾವೇ ಕೈಯಾರೆ ಮಾಡಿಕೊಂಡದ್ದು.

ಈಗ ಮೊದಲ ಎರಡು ವಾಕ್ಯ, ಕೊನೆಯದೊಂದು, ಅಷ್ಟೇ ನನ್ನ ಬಾಯಿಪಾಠ. ಉಳಿದದ್ದಕ್ಕೆ ರಟ್ಟಿನ ಚೀಟಿಯಲ್ಲಿ ನಾಲ್ಕೈದು ಪದ. (ತೆಳು ಹಾಳೆ ಬೇಡ, ಕೈ ಚೂರು ನಡುಗಿದರೂ ಪಟಪಟ ಅನ್ನುತ್ತೆ.) ಮನೆಯಲ್ಲಿ ಗಟ್ಟಿಯಾಗಿ ಹೇಳಿ ನೋಡ್ತೀನಿ, ಪ್ರತಿ ಸಲ ಬೇರೆ ಮಾತಿನಲ್ಲಿ, ಒಮ್ಮೆ ಪೂರ್ತಿ, ಒಮ್ಮೆ ಎರಡೇ ನಿಮಿಷದಲ್ಲಿ.

ಭಯ ಪೂರ್ತಿ ಹೋಗಲಿ ಅನ್ನೋ ಆಸೆ ಮಾತ್ರ ಬಿಡಿ. ನನಗೆ ಇವತ್ತಿಗೂ ಎದೆ ಡವಡವ. "ಸಮಾಧಾನ, ಸಮಾಧಾನ" ಅಂತ ಜಪ ಮಾಡಿ ಯಾವತ್ತೂ ಪ್ರಯೋಜನ ಆಗಲಿಲ್ಲ. ಅಮೆರಿಕದ ಸಂಶೋಧಕಿ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುಂಚೆ "ನಾನು ಶಾಂತವಾಗಿದ್ದೀನಿ" ಅಂದುಕೊಂಡವರಿಗಿಂತ "ನಾನು ಉತ್ಸಾಹದಲ್ಲಿದ್ದೀನಿ" ಅಂದವರೇ ಚೆನ್ನಾಗಿ ಮಾತಾಡಿದ್ದರು. ಹೊಡೆದುಕೊಳ್ಳೋ ಎದೆಯನ್ನು ಸುಮ್ಮನಾಗಿಸೋದಕ್ಕಿಂತ ಅದಕ್ಕೆ ಬೇರೆ ಹೆಸರು ಕೊಡೋದು ಸುಲಭ. ಇನ್ನೊಂದು, ನಿಮ್ಮ ನಡುಕ ನಿಮಗೆ ಅನ್ನಿಸಿದಷ್ಟು ಹೊರಗೆ ಕಾಣಲ್ಲ. ಸವಿಟ್ಸ್ಕಿ ಮತ್ತು ಗಿಲೊವಿಚ್ ಅನ್ನೋ ಮನಶ್ಶಾಸ್ತ್ರಜ್ಞರು 2003ರಲ್ಲಿ ಇದನ್ನೇ ತೋರಿಸಿದ್ದು, ಮೊದಲೇ ಈ ಮಾತು ತಿಳಿದಿದ್ದವರು ಇನ್ನೂ ಚೆನ್ನಾಗಿ ಮಾತಾಡಿದರು. ನಂಬಿಕೆ ಬರದಿದ್ದರೆ ಮೊಬೈಲಿನಲ್ಲಿ ನಿಮ್ಮದೇ ವಿಡಿಯೊ ಮಾಡಿ ನೋಡಿ.

ತರಬೇತಿಗೆ ದುಡ್ಡು ಸುರಿಯೋದಕ್ಕಿಂತ ಟೋಸ್ಟ್‌ಮಾಸ್ಟರ್ಸ್‌ನಂಥ ಭಾಷಣ ಅಭ್ಯಾಸದ ಕೂಟ ವಾಸಿ. ಅಲ್ಲಿ ಟೇಬಲ್ ಟಾಪಿಕ್ಸ್ ಅಂತ ಇರುತ್ತೆ, ನಿಂತ ನಿಲುವಿನಲ್ಲಿ ವಿಷಯ ಕೊಟ್ಟು ಒಂದೆರಡು ನಿಮಿಷ ಮಾತಾಡಿ ಅಂತಾರೆ. ಉರು ಹೊಡೆಯೋಕೆ ಅವಕಾಶವೇ ಇಲ್ಲ. ಪ್ರೊಪ್ರನಾಲಾಲ್ ಮಾತ್ರೆ ಎದೆಬಡಿತ, ಕೈನಡುಕ ತಗ್ಗಿಸುತ್ತೆ ನಿಜ, ಆದರೆ ಮರೆತ ಸಾಲನ್ನು ನೆನಪಿಸಿಕೊಡಲ್ಲ. ಆಸ್ತಮಾ ಇರೋರಿಗಂತೂ ಅದು ಅಪಾಯ, ಡಾಕ್ಟರನ್ನು ಕೇಳದೆ ಮುಟ್ಟಬೇಡಿ.