ಹೊಸ ಪುಸ್ತಕ ಅಂದರೆ ಯಾವ ವರ್ಷದ್ದು?

ಮಾಧ್ಯಮ ಅಧ್ಯಯನ ಮತ್ತು ಪತ್ರಿಕೋದ್ಯಮದ ಹೊಸ ಶೈಕ್ಷಣಿಕ ಪುಸ್ತಕಗಳ ಬಗ್ಗೆ ಓದುಗರು ಕೇಳಿದ ಆರು ಪ್ರಶ್ನೆಗಳು ಇಲ್ಲಿವೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಯಿತು. ಉಳಿದವುಗಳ ಬೇರು ಅಲ್ಲೇ ಇದೆ, ಅದಕ್ಕೆ.

ಪ್ರಶ್ನೆ: ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಪ್ರಬಂಧಕ್ಕೆ ಕಳೆದ 5 ವರ್ಷಗಳಲ್ಲಿ ಬಂದ ಪುಸ್ತಕಗಳನ್ನೇ ಬಳಸಿ ಎಂದು ಮಾರ್ಗದರ್ಶಕರು ಹೇಳಿದ್ದಾರೆ. ನನ್ನ ಕೈಗೆ ಸಿಕ್ಕವು ಬಹುಪಾಲು ಹಳೆಯವು. ಅವನ್ನೆಲ್ಲ ಪಕ್ಕಕ್ಕಿಡಬೇಕಾ?

ಇಡಬೇಡಿ. ಮಾರ್ಗದರ್ಶಕರ ಮಾತಿನಲ್ಲಿ ಅರ್ಥವಿದೆ, ಆದರೆ ಅವರು ಕೊಟ್ಟ ಅಳತೆಗೋಲು ಸ್ವಲ್ಪ ಸೊಟ್ಟ. ಮಾಧ್ಯಮದ ಪುಸ್ತಕಕ್ಕೆ ಎರಡು ವಯಸ್ಸು. ಒಂದು, ಅಚ್ಚಾದ ವರ್ಷ. ಇನ್ನೊಂದು, ಒಳಗಿನ ಮಾಹಿತಿಯನ್ನು ಕಲೆಹಾಕಿದ ವರ್ಷ. ನಾವೆಲ್ಲ ಮೊದಲನೆಯದನ್ನೇ ನೋಡುತ್ತೇವೆ, ಅದು ಸುಲಭವಾಗಿ ಕಣ್ಣಿಗೆ ಬೀಳುತ್ತದೆ ಅಲ್ವಾ. ನಿಮ್ಮ ಕೆಲಸಕ್ಕೆ ಬೇಕಾದದ್ದು ಎರಡನೆಯದು.

ಅಚ್ಚಾದ ವರ್ಷವನ್ನು ಪೂರ್ತಿ ನಂಬುವಂತೆಯೂ ಇಲ್ಲ. ವರ್ಷದ ಕೊನೆಯ ತಿಂಗಳುಗಳಲ್ಲಿ ಹೊರಬರುವ ಪುಸ್ತಕಕ್ಕೆ ಪ್ರಕಾಶಕರು ಎಷ್ಟೋ ಸಲ ಮುಂದಿನ ವರ್ಷದ ಮುದ್ರೆ ಒತ್ತುತ್ತಾರೆ. ಜಾಸ್ತಿ ದಿನ ಹೊಸದಾಗಿ ಕಾಣಲಿ ಅಂತ. ಅದಕ್ಕಿಂತ ದೊಡ್ಡ ವಿಷಯ, ಶೈಕ್ಷಣಿಕ ಪುಸ್ತಕ ನಿಧಾನದ ಕೆಲಸ. ಮಾಹಿತಿ ಕಲೆಹಾಕಬೇಕು, ಬರೆಯಬೇಕು, ಬೇರೆ ವಿದ್ವಾಂಸರು ಓದಿ ತಪ್ಪು ಹೇಳಬೇಕು, ತಿದ್ದಬೇಕು, ಕೊನೆಗೆ ಪದಸೂಚಿ ಮಾಡಬೇಕು. ಇಷ್ಟರಲ್ಲಿ ವರ್ಷಗಳು ಉರುಳುತ್ತವೆ. ಷೇಕ್ಸ್‌ಪಿಯರ್ ಬಗ್ಗೆ ಬರೆಯುವವರಿಗೆ ಇದರಿಂದ ನಷ್ಟವಿಲ್ಲ. ನಮ್ಮ ವಿಷಯದಲ್ಲಿ ಅಷ್ಟು ಹೊತ್ತಿಗೆ ಕಾಲ ಕೆಳಗಿನ ನೆಲವೇ ಜಾರಿರುತ್ತದೆ.

ಟ್ವಿಟರ್ ಕತೆಯನ್ನೇ ನೋಡಿ. 2021ರ ಜನವರಿಯಲ್ಲಿ ಆ ಕಂಪನಿ ಸಂಶೋಧಕರಿಗೆಂದೇ ಬೇರೆ ಬಾಗಿಲು ತೆರೆಯಿತು. ಹಳೆಯ ಟ್ವೀಟ್‌ಗಳನ್ನೂ ಪುಕ್ಕಟೆಯಾಗಿ ಹುಡುಕಿ ಇಳಿಸಿಕೊಳ್ಳಬಹುದಿತ್ತು. ಸಂಶೋಧಕರು ಮುಗಿಬಿದ್ದರು. 2022ರ ಅಕ್ಟೋಬರ್‌ನಲ್ಲಿ ಕಂಪನಿ ಕೈ ಬದಲಾಯಿತು. 2023ರಲ್ಲಿ ಸಂಶೋಧಕರ ಆ ಬಾಗಿಲು ಮುಚ್ಚಿತು, ಅದೇ ವರ್ಷ ಜುಲೈನಲ್ಲಿ ಕಂಪನಿಯ ಹೆಸರೂ ಎಕ್ಸ್ ಆಯಿತು. ಫೇಸ್‌ಬುಕ್ ಪೋಸ್ಟ್‌ಗಳ ಜಾಡು ಹಿಡಿಯಲು ಎಲ್ಲರೂ ನೆಚ್ಚಿಕೊಂಡಿದ್ದ ಕ್ರೌಡ್‌ಟ್ಯಾಂಗಲ್ ಎಂಬ ಸಾಧನವೂ 2024ರ ಆಗಸ್ಟ್‌ನಲ್ಲಿ ನಿಂತುಹೋಯಿತು. ಹಾಗಾಗಿ 2025ರ ಮುದ್ರೆಯಿರುವ, ರಟ್ಟಿನ ಮೇಲೆ ಟ್ವಿಟರ್‌ನ ಹಳೆಯ ಗುರುತಾದ ನೀಲಿ ಹಕ್ಕಿ ಕೂತ ಪುಸ್ತಕದೊಳಗೆ 2021ರ ಟ್ವೀಟ್‌ಗಳಿದ್ದರೆ ಅಚ್ಚರಿಪಡಬೇಡಿ. ಅದು ದೋಷವಲ್ಲ, ಅದು ಈಗ ಇತಿಹಾಸದ ಪುಸ್ತಕ, ಅಷ್ಟೇ. ಲೇಖಕರು ‘ಜನ ಹೀಗೆ ಹಂಚಿಕೊಳ್ಳುತ್ತಾರೆ’ ಎಂದು ಇವತ್ತಿನ ಸಂಗತಿ ಎಂಬಂತೆ ಬರೆದಿದ್ದರೆ ಮಾತ್ರ ನನ್ನ ತಕರಾರು. ‘ಹಂಚಿಕೊಳ್ಳುತ್ತಿದ್ದರು’ ಎಂದಿದ್ದರೆ ತಕರಾರಿಲ್ಲ.

ಇದಕ್ಕೆ ಉಲ್ಟಾ ಇನ್ನೊಂದು ಕತೆಯಿದೆ. 1949ರ ಫೆಬ್ರವರಿಯಲ್ಲಿ ಅಮೆರಿಕದ ಸಣ್ಣ ಪತ್ರಿಕೆಯೊಂದರ ಡೆಸ್ಕ್‌ನಲ್ಲಿದ್ದ ಸಂಪಾದಕರೊಬ್ಬರು ಡೇವಿಡ್ ಮ್ಯಾನಿಂಗ್ ವೈಟ್ ಎಂಬ ಸಂಶೋಧಕರಿಗಾಗಿ ಒಂದು ಕೆಲಸ ಮಾಡಿದರು. ಮೂರು ಸುದ್ದಿ ಸಂಸ್ಥೆಗಳ ತಂತಿ ಸುದ್ದಿಗಳು ಅವರ ಮೇಜಿಗೆ ಬಂದು ಬೀಳುತ್ತಿದ್ದವು. ಬಳಸದ ಸುದ್ದಿಯನ್ನು ಕಸದ ಬುಟ್ಟಿಗೆ ಹಾಕುವ ಬದಲು ಎತ್ತಿಟ್ಟುಕೊಂಡರು. ಪತ್ರಿಕೆ ಅಚ್ಚಿಗೆ ಹೋದ ಮೇಲೆ ಕೂತು, ಪ್ರತಿಯೊಂದರ ಮೇಲೂ ಯಾಕೆ ಬೇಡವಾಯಿತು ಎಂದು ಕೈಯಲ್ಲೇ ಬರೆದರು. ಜಾಗ ಇಲ್ಲ. ಆಗಲೇ ಇದೇ ಥರದ್ದು ಹಾಕಿದ್ದೇವೆ. ಇದು ಬರೀ ಪ್ರಚಾರ. ಹೀಗೆ ಒಂದು ವಾರ. ಬಂದದ್ದರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಬುಟ್ಟಿ ಸೇರಿತ್ತು. ವೈಟ್ 1950ರಲ್ಲಿ ಇದನ್ನು ಪ್ರಕಟಿಸಿದಾಗ ಆ ಸಂಪಾದಕರನ್ನು ‘ಮಿಸ್ಟರ್ ಗೇಟ್ಸ್’ ಎಂದು ಕರೆದರು. ಸುದ್ದಿಯ ಬಾಗಿಲು ಕಾಯುವವರು, ಗೇಟ್‌ಕೀಪರ್ ಎಂಬ ಮಾತು ನಮ್ಮ ಪಾಠಗಳಿಗೆ ಬಂದದ್ದು ಹೀಗೆ.

ಇಲ್ಲಿಗೆ ಮುಗಿಯಲಿಲ್ಲ. 1966ರಲ್ಲಿ ಇನ್ನೊಬ್ಬ ಸಂಶೋಧಕರು ಅದೇ ಮಿಸ್ಟರ್ ಗೇಟ್ಸ್ ಬಳಿ ಹೋಗಿ ಅದೇ ಪ್ರಯೋಗ ಮಾಡಿದರು. 1991ರಲ್ಲಿ ಮತ್ತೊಬ್ಬರು ಅಂಥದೇ ಮೇಜಿನಲ್ಲಿದ್ದ ಮಹಿಳೆಯೊಬ್ಬರನ್ನು ಇಟ್ಟುಕೊಂಡು ಮಾಡಿದರು. ಈಗ ಆ ಮೇಜಿನಲ್ಲಿ ಅಲ್ಗಾರಿದಮ್ ಕೂತಿದೆ ಎಂದು ಬರೆಯುವ ಹೊಸ ಪುಸ್ತಕಗಳೂ ಶುರುಮಾಡುವುದು 1950ರ ಆ ಲೇಖನದಿಂದಲೇ. ಅದರಲ್ಲಿ ಹಳತಾದದ್ದು ತಂತಿ ಸುದ್ದಿ ಅಚ್ಚು ಹಾಕುತ್ತಿದ್ದ ಟೆಲಿಪ್ರಿಂಟರ್. ಆ ಬರಹ ಎತ್ತಿದ ಪ್ರಶ್ನೆ ಹಳತಾಗಿಲ್ಲ.

ಹಾಗಂತ ಹಳೆಯದೆಲ್ಲ ಬಂಗಾರ ಎಂದೂ ಅಲ್ಲ. 2011ರಲ್ಲಿ ಅಮೆರಿಕದ ಬರಹಗಾರ ಈಲೈ ಪ್ಯಾರಿಸರ್ ‘ಫಿಲ್ಟರ್ ಬಬಲ್’ ಎಂಬ ಮಾತು ತಂದರು. ಜಾಲತಾಣಗಳಲ್ಲಿ ನಮಗೆ ಇಷ್ಟವಾದದ್ದನ್ನೇ ಯಂತ್ರ ತೋರಿಸುತ್ತದೆ, ನಾವು ಗುಳ್ಳೆಯೊಳಗೆ ಸಿಕ್ಕಿಬೀಳುತ್ತೇವೆ ಎಂಬ ವಾದ. ಕೇಳಿದ ಕೂಡಲೇ ಹೌದಲ್ವಾ ಅನ್ನಿಸುತ್ತದೆ. ಮುಂದೆ ಲೆಕ್ಕ ಹಾಕಿ ನೋಡಿದ ಸಂಶೋಧಕರಿಗೆ ಅಂಥ ಗಟ್ಟಿ ಗುಳ್ಳೆ ಅಷ್ಟಾಗಿ ಕಾಣಲಿಲ್ಲ. 2019ರಲ್ಲಿ ಮಾಧ್ಯಮ ವಿದ್ವಾಂಸ ಆಕ್ಸೆಲ್ ಬ್ರುನ್ಸ್ ಈ ಗುಳ್ಳೆಗಳು ನಿಜವೇ ಎಂದು ಕೇಳುವ ಪುಸ್ತಕವನ್ನೇ ಬರೆದರು. ಇಂಥ ಕಡೆ 2011ರಲ್ಲೇ ನಿಂತರೆ ಪ್ರಬಂಧ ಕುಂಟುತ್ತದೆ. ಮಾರ್ಗದರ್ಶಕರ ಭಯ ಬಹುಶಃ ಇದೇ.

ಆದ್ದರಿಂದ ಪ್ರಶ್ನೆಯನ್ನು, ಪರಿಕಲ್ಪನೆಯನ್ನು ಹಳೆಯ ಪುಸ್ತಕದಿಂದ ಧೈರ್ಯವಾಗಿ ತೆಗೆದುಕೊಳ್ಳಿ. ಜನ ಈಗ ಏನು ಮಾಡುತ್ತಿದ್ದಾರೆ, ಸಂಸ್ಥೆಗಳು ಹೇಗೆ ನಡೆಯುತ್ತಿವೆ ಎಂಬುದಕ್ಕೆ ಹೊಸದನ್ನು ಹುಡುಕಿ. ಯಾವ ಪುಸ್ತಕ ಸಿಕ್ಕರೂ ಮೊದಲು ಸಂಶೋಧನಾ ವಿಧಾನದ ಅಧ್ಯಾಯ ತೆರೆದು, ಮಾಹಿತಿ ಯಾವ ತಿಂಗಳಿಂದ ಯಾವ ತಿಂಗಳವರೆಗಿನದು ಎಂದು ನೋಡಿ, ಆ ಇಸವಿಯನ್ನು ನಿಮ್ಮ ಟಿಪ್ಪಣಿಯಲ್ಲಿ ಪುಸ್ತಕದ ಹೆಸರಿನ ಪಕ್ಕ ಬರೆದಿಡಿ. ಮಾರ್ಗದರ್ಶಕರ ಜೊತೆ ವಾದ ಮಾಡುವಾಗ ಅದನ್ನೇ ಮುಂದಿಡಬಹುದು.

ಪ್ರಶ್ನೆ: ಪಠ್ಯಪುಸ್ತಕದ ಹಳೆಯ ಆವೃತ್ತಿ ನನ್ನ ಬಳಿ ಇದೆ. ಹೊಸ ಆವೃತ್ತಿ ಬಂದಿದೆ. ಬರೀ ರಟ್ಟು ಬದಲಾಯಿಸಿ ಮಾರುತ್ತಾರಾ, ಅಥವಾ ನಿಜವಾಗಿ ವ್ಯತ್ಯಾಸ ಇರುತ್ತದಾ?

ಎರಡೂ ಉಂಟು. ಡೆನಿಸ್ ಮೆಕ್‌ಕ್ವೇಲ್ ಅವರ ಸಮೂಹ ಸಂವಹನ ಸಿದ್ಧಾಂತದ ಪಠ್ಯ ಮೊದಲು ಬಂದದ್ದು 1983ರಲ್ಲಿ. ಆರನೆಯ ಆವೃತ್ತಿ 2010ರದ್ದು. ಇನ್‌ಸ್ಟಾಗ್ರಾಮ್ ಹುಟ್ಟಿದ್ದೂ ಅದೇ ವರ್ಷ, ಅಂದರೆ ಅದು ಆ ಪುಸ್ತಕದಲ್ಲಿ ಇರುವ ಮಾತೇ ಇಲ್ಲ. ಮೆಕ್‌ಕ್ವೇಲ್ 2017ರಲ್ಲಿ ತೀರಿಕೊಂಡರು. 2020ರ ಏಳನೆಯ ಆವೃತ್ತಿಯನ್ನು ಸಿದ್ಧಪಡಿಸಿದವರು ಮಾರ್ಕ್ ಡೂಜ್, ಪುಸ್ತಕದ ಹೆಸರೂ ಬದಲಾಯಿತು. ಇಂಥದನ್ನು ಹೊಸದಾಗಿಯೇ ಓದಬೇಕು.

ಉಳಿದವುಗಳಿಗೆ ಸುಲಭದ ಪರೀಕ್ಷೆ ಇದೆ. ಎರಡೂ ಆವೃತ್ತಿಗಳ ಪರಿವಿಡಿಯನ್ನು ಪ್ರಕಾಶಕರ ತಾಣದಲ್ಲಿ ತೆಗೆದು ಪಕ್ಕಪಕ್ಕ ಇಡಿ. ಒಂದೂ ಹೊಸ ಅಧ್ಯಾಯವಿಲ್ಲದೆ ಮುನ್ನುಡಿ ಮಾತ್ರ ಬದಲಾಗಿದ್ದರೆ ಇರುವುದರಲ್ಲೇ ಸುಧಾರಿಸಿಕೊಳ್ಳಿ. ಮಾಧ್ಯಮ ಕಾನೂನಿನ ಪುಸ್ತಕಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ಹಳೆಯ ಕಾನೂನು ಓದಿ ವರದಿ ಬರೆದರೆ ಎಡವಟ್ಟಾಗುತ್ತದೆ.

ಪ್ರಶ್ನೆ: 12 ವರ್ಷದಿಂದ ವರದಿಗಾರ. ಈ ಪುಸ್ತಕಗಳನ್ನು ಹಿಡಿದು ಕೂತರೆ ಹತ್ತನೇ ಪುಟಕ್ಕೆ ನಿದ್ದೆ. ನಮ್ಮಂಥವರಿಗೆ ಇವುಗಳಿಂದ ಏನಾದರೂ ಸಿಗುತ್ತದಾ?

ನಿದ್ದೆ ಬರುವುದು ನಿಮ್ಮ ತಪ್ಪಲ್ಲ. ಎಷ್ಟೋ ಪುಸ್ತಕಗಳ ಮೊದಲ ಅಧ್ಯಾಯ ನಿಮಗಾಗಿ ಬರೆದದ್ದೇ ಅಲ್ಲ. ‘ನಾನು ಇವರನ್ನೆಲ್ಲ ಓದಿದ್ದೇನೆ’ ಎಂದು ಲೇಖಕರು ಪರೀಕ್ಷಕರಿಗೆ ಒಪ್ಪಿಸುವ ಲೆಕ್ಕ ಅದು. ಸೀದಾ ಹಾರಿ ಮುಂದೆ ಹೋಗಿ.

ಶುರುಮಾಡುವುದಾದರೆ ನ್ಯೂಸ್‌ರೂಮಿನಲ್ಲಿ ಕೂತು ಬರೆದ ಪುಸ್ತಕಗಳಿಂದ ಮಾಡಿ. ಸಮಾಜಶಾಸ್ತ್ರಜ್ಞರಾದ ಗೇ ಟಕ್ಮನ್ 1978ರಲ್ಲಿ, ಹರ್ಬರ್ಟ್ ಗ್ಯಾನ್ಸ್ 1979ರಲ್ಲಿ ಬರೆದವು ಈ ಜಾತಿಯವು. ಗ್ಯಾನ್ಸ್ ಎರಡು ಟಿವಿ ಜಾಲ, ಎರಡು ವಾರಪತ್ರಿಕೆಗಳೊಳಗೆ ಕೂತು, ಸುದ್ದಿ ಹೇಗೆ ಆಯ್ಕೆಯಾಗುತ್ತದೆ ಎಂದು ನೋಡಿದವರು. ಈಚಿನ ಸಂಶೋಧಕರೂ ಹೀಗೆ ಕೂರುತ್ತಾರೆ. ವ್ಯತ್ಯಾಸ ಇಷ್ಟೇ, ಅವರು ನೋಡುವುದು ಟೈಪ್‌ರೈಟರ್ ಅಲ್ಲ, ಗೋಡೆಯ ಮೇಲೆ ಓದುಗರ ಸಂಖ್ಯೆ ಏರಿಳಿಯುವ ಪರದೆಯನ್ನು. ಆ ಪರದೆ ನೋಡಿ ಶೀರ್ಷಿಕೆ ಬದಲಾಯಿಸಿದ ಅನುಭವ ನಿಮಗೂ ಇರುತ್ತದೆ. ಅದರ ಬಗ್ಗೆ ಹೊರಗಿನವರೊಬ್ಬರು ಏನು ಬರೆದಿದ್ದಾರೆ ಎಂದು ಓದುವಾಗ ನಿದ್ದೆ ಬರಲಿಕ್ಕಿಲ್ಲ, ಸಿಟ್ಟು ಬರಬಹುದು.

ಹೆಸರುಗಳಿಗೂ ಹೆದರಬೇಡಿ. ‘ಅಜೆಂಡಾ ಸೆಟಿಂಗ್’ ಎಂದರೆ ದೊಡ್ಡ ಮಾತಿನ ಹಾಗೆ ಕೇಳುತ್ತದೆ. ಮೆಕ್‌ಕಾಂಬ್ಸ್ ಮತ್ತು ಷಾ ಎಂಬ ಸಂಶೋಧಕರು 1968ರ ಅಮೆರಿಕ ಚುನಾವಣೆ ಹೊತ್ತಿಗೆ ಚಾಪೆಲ್ ಹಿಲ್ ಎಂಬ ಊರಿನಲ್ಲಿ, ಇನ್ನೂ ಯಾರಿಗೆ ಮತ ಎಂದು ತೀರ್ಮಾನಿಸದ 100 ಮಂದಿಯನ್ನು ಮಾತಾಡಿಸಿದರು. ಮಾಧ್ಯಮಗಳು ಯಾವ ವಿಷಯವನ್ನು ಜಾಸ್ತಿ ಎತ್ತಿದ್ದವೋ ಜನರ ಪಟ್ಟಿಯಲ್ಲೂ ಅವೇ ಮೇಲಿದ್ದವು. 1972ರಲ್ಲಿ ಪ್ರಕಟವಾದ ಅಧ್ಯಯನ ಅದು. ಮುಖಪುಟ ಮೀಟಿಂಗ್‌ನಲ್ಲಿ ಕೂತವರಿಗೆ ಅದು ಹೊಸದೇನಲ್ಲ, ಹೆಸರು ಮಾತ್ರ ಹೊಸದು.

ಇನ್ನೊಂದು ಉಪಾಯ: ಪುಸ್ತಕವನ್ನು ಹಿಂದಿನಿಂದ ತೆರೆಯಿರಿ. ಪದಸೂಚಿಯಲ್ಲಿ ನಿಮ್ಮ ಬೀಟ್ ಹುಡುಕಿ. ಕೋರ್ಟು, ಕ್ರೀಡೆ, ಆರೋಗ್ಯ, ಯಾವುದಾದರೂ ಸರಿ. ಆ ನಾಲ್ಕು ಪುಟ ಓದಿ. ನೀವು ದಿನಾ ಮಾಡುವ ಕೆಲಸವನ್ನು ಸರಿಯಾಗಿ ಬರೆದಿದ್ದರೆ ಉಳಿದದ್ದನ್ನೂ ನಂಬಿ ಓದಬಹುದು.

ಪ್ರಶ್ನೆ: ಹ್ಯಾಂಡ್‌ಬುಕ್, ಕಂಪ್ಯಾನಿಯನ್, ರೀಡರ್, ಮೊನೊಗ್ರಾಫ್ ಎಂದೆಲ್ಲ ಇರುತ್ತದಲ್ಲ, ಏನು ವ್ಯತ್ಯಾಸ?

ಮೊನೊಗ್ರಾಫ್ ಒಂದೇ ವಿಷಯದ ಮೇಲೆ ಮೊದಲಿಂದ ಕೊನೆವರೆಗೆ ಕಟ್ಟಿದ ವಾದ. ರೀಡರ್ ಅಂದರೆ ಆಗಲೇ ಹೆಸರಾದ ಬರಹಗಳ ಆಯ್ಕೆ. ಹ್ಯಾಂಡ್‌ಬುಕ್, ಕಂಪ್ಯಾನಿಯನ್‌ಗಳು ಹಲವರಿಂದ ಬರೆಸಿದ ದಪ್ಪ ಸಂಪುಟಗಳು, ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅವನ್ನು ಪೂರ್ತಿ ಓದುವವರು ಸಂಪಾದಕರು ಮಾತ್ರ ಎಂದು ನನ್ನ ಗುಮಾನಿ. ನಿಮಗೆ ಬೇಕಾದ ಒಂದು ಅಧ್ಯಾಯ ಓದಿ, ಅದರ ಕೊನೆಯ ಪುಸ್ತಕಪಟ್ಟಿ ಹಿಡಿದು ಹೊರಡಿ.

ಪ್ರಶ್ನೆ: ಪಿಎಚ್.ಡಿ. ಮುಗಿಯಿತು. ನನ್ನ ಪ್ರಬಂಧವನ್ನು ಪುಸ್ತಕವಾಗಿ ತರುತ್ತೇವೆ ಎಂದು ವಿದೇಶಿ ಪ್ರಕಾಶಕರಿಂದ ಇಮೇಲ್ ಬಂದಿದೆ. ಒಪ್ಪಲಾ? ಕೈಯಿಂದ ದುಡ್ಡು ಹಾಕಲಾಗದವರಿಗೆ ಹೊಸ ಪುಸ್ತಕಗಳು ಸಿಗುವ ದಾರಿ ಯಾವುದು?

ಒಂದು ಚೀಟಿಯಲ್ಲಿ ಎರಡು ಪ್ರಶ್ನೆ. ಇರಲಿ.

ಅಂಥ ಇಮೇಲ್ ನನಗೂ ಬಂದಿತ್ತು. ನಾನು ಎಂದೂ ಬರೆಯದ ವಿಷಯದ ಮೇಲಿನ ನನ್ನ ‘ಅಮೂಲ್ಯ ಕೃತಿ’ಯನ್ನು ಹೊಗಳಿದ್ದರು. ಪ್ರಬಂಧವನ್ನು ಯಾರಿಗೂ ಓದಲು ಕಳಿಸದೆ, ಒಂದು ಸಾಲೂ ತಿದ್ದದೆ, ವಾರದೊಳಗೆ ಒಪ್ಪಿಕೊಂಡರೆ ಅವರಿಗೆ ಬೇಕಾದದ್ದು ನಿಮ್ಮ ಫೈಲ್ ಮಾತ್ರ. ಯಾರಾದರೂ ಆರ್ಡರ್ ಮಾಡಿದಾಗ ಒಂದೊಂದೇ ಪ್ರತಿ ಅಚ್ಚು ಹಾಕುತ್ತಾರೆ. ಐಎಸ್‌ಬಿಎನ್ ಇದೆಯಲ್ಲ ಎನ್ನಬೇಡಿ. ಆ 13 ಅಂಕಿ ಪುಸ್ತಕದ ಗುರುತು ಮಾತ್ರ, ಗುಣಮಟ್ಟದ ಸರ್ಟಿಫಿಕೇಟ್ ಅಲ್ಲ. ಒಳ್ಳೆ ಪ್ರಕಾಶಕರು ಮೊದಲು ಕೇಳುವುದು ಪ್ರಸ್ತಾವ ಮತ್ತು ಒಂದೆರಡು ಮಾದರಿ ಅಧ್ಯಾಯ. ಆಮೇಲೆ ಬೇರೆ ವಿದ್ವಾಂಸರಿಗೆ ಕಳಿಸುತ್ತಾರೆ, ತಿಂಗಳುಗಟ್ಟಲೆ ಕಾಯಿಸುತ್ತಾರೆ, ತಿದ್ದಿಸುತ್ತಾರೆ. ಕಾಯಿಸುವುದೇ ಒಂದು ಒಳ್ಳೆ ಲಕ್ಷಣ. ಇಮೇಲ್ ಕಳಿಸಿದವರಿಗೆ ಹಕ್ಕುಗಳನ್ನು ಒಮ್ಮೆ ಬರೆದುಕೊಟ್ಟರೆ ನಾಳೆ ಅದೇ ಪ್ರಬಂಧವನ್ನು ಒಳ್ಳೆ ಪ್ರಕಾಶಕರ ಬಳಿ ಒಯ್ಯುವುದು ಕಷ್ಟ. ಆ ಇಮೇಲನ್ನು ಸುಮ್ನೆ ಅಳಿಸಿಬಿಡಿ.

ಪುಸ್ತಕ ಸಿಗುವ ದಾರಿಗೆ ಬಂದರೆ, ಓಪನ್ ಆಕ್ಸೆಸ್ ಪುಸ್ತಕಗಳು ಪೂರ್ತಿ ಪುಕ್ಕಟೆ, ಕದ್ದ ಪಿಡಿಎಫ್ ಅಲ್ಲ. ಖರ್ಚನ್ನು ಲೇಖಕರ ವಿಶ್ವವಿದ್ಯಾಲಯವೋ ಅನುದಾನ ಕೊಟ್ಟ ಸಂಸ್ಥೆಯೋ ಮೊದಲೇ ಕಟ್ಟಿರುತ್ತದೆ. ಡೈರೆಕ್ಟರಿ ಆಫ್ ಓಪನ್ ಆಕ್ಸೆಸ್ ಬುಕ್ಸ್ ಮತ್ತು ಒಎಪೆನ್, ಈ ಎರಡು ತಾಣಗಳಲ್ಲಿ ಹುಡುಕಿ. ವಿದ್ವಾಂಸರು ಓದಿ ಒಪ್ಪಿದ ಪುಸ್ತಕಗಳಿಗೆ ಮಾತ್ರ ಅಲ್ಲಿ ಜಾಗ. ಸಿಗದಿದ್ದರೆ ಲೇಖಕರಿಗೇ ಎರಡು ಸಾಲು ಬರೆದು, ನಿಮಗೆ ಬೇಕಾದ ಅಧ್ಯಾಯದ ಹೆಸರು ಹೇಳಿ ಕೇಳಿ. ಎಷ್ಟೋ ಜನ ಖುಷಿಯಿಂದ ಕಳಿಸುತ್ತಾರೆ. ತಮ್ಮ ಏಳನೇ ಅಧ್ಯಾಯವನ್ನು ಯಾರೋ ಕೇಳಿದರು ಎಂಬುದೇ ಅವರಿಗೆ ಹಬ್ಬ.

ಪ್ರಶ್ನೆ: ಎಐ ಮತ್ತು ಪತ್ರಿಕೋದ್ಯಮದ ಮೇಲೆ ಪುಸ್ತಕಗಳ ಸುರಿಮಳೆ. ಯಾವುದನ್ನು ನಂಬುವುದು?

ಮೊದಲು ನೋಡಬೇಕಾದ್ದು, ಪುಸ್ತಕದ ಕತೆ ಎಲ್ಲಿಂದ ಶುರುವಾಗುತ್ತದೆ ಎಂದು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ದಿನದಿಂದಲೇ ಶುರುವಾದರೆ ಲೇಖಕರು ಅವಸರದಲ್ಲಿದ್ದಾರೆ. 2014ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಟೈಮ್ಸ್‌ನ ‘ಕ್ವೇಕ್‌ಬಾಟ್’ ಎಂಬ ಪ್ರೋಗ್ರಾಂ ಭೂಕಂಪದ ಸುದ್ದಿಯನ್ನು ತಾನೇ ಬರೆದು, ಕೆಲವೇ ನಿಮಿಷಗಳಲ್ಲಿ ಪ್ರಕಟಣೆಗೆ ಸಿದ್ಧವಾಗಿಟ್ಟಿತ್ತು. ಅದೇ ವರ್ಷ ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿ ಸಂಸ್ಥೆ ಕಂಪನಿಗಳ ಲಾಭನಷ್ಟದ ವರದಿಗಳನ್ನು ಯಂತ್ರದಿಂದ ಬರೆಸಲು ಶುರುಮಾಡಿತ್ತು. ಈ ಹಳೆಯ ಯಂತ್ರಗಳು ತಮಗೆ ಕೊಟ್ಟ ಅಂಕಿಗಳನ್ನು ಸಿದ್ಧ ವಾಕ್ಯಗಳಲ್ಲಿ ತುಂಬುತ್ತಿದ್ದವು. ಹೊಸವು ಮುಂದಿನ ಪದ ಯಾವುದಿರಬಹುದು ಎಂದು ಊಹಿಸುತ್ತವೆ. ಹಾಗಾಗಿ ಹಳೆಯದರ ತಪ್ಪು ಬಹುತೇಕ ಅಂಕಿಯ ತಪ್ಪು, ಹೊಸದು ಇಲ್ಲದ ಸಂಗತಿಯನ್ನೇ ಹುಟ್ಟಿಸಬಹುದು. ಈ ಎರಡನ್ನು ಬೇರ್ಪಡಿಸದ ಪುಸ್ತಕ ನಿಮ್ಮನ್ನು ಗೊಂದಲಕ್ಕೇ ಕೆಡವುತ್ತದೆ.

ಎರಡನೆಯದು, ಆ ಪುಸ್ತಕವನ್ನೇ ಯಂತ್ರ ಬರೆದಿದೆಯಾ ಎಂಬ ಅನುಮಾನ. ಭಾಷೆ ನೋಡಿ ಹೇಳುವುದು ಕಷ್ಟ, ನಾನೇ ಎರಡು ಸಲ ಮೋಸಹೋಗಿದ್ದೇನೆ. ಬದಲಿಗೆ ಅಡಿಟಿಪ್ಪಣಿಗಳಲ್ಲಿ ಕಣ್ಣುಮುಚ್ಚಿ ಮೂರನ್ನು ಆರಿಸಿ. ಆ ಲೇಖನಗಳು ನಿಜಕ್ಕೂ ಇವೆಯಾ, ಡಿಒಐ, ಅಂದರೆ ಲೇಖನದ ಡಿಜಿಟಲ್ ಗುರುತು ಸಂಖ್ಯೆ, ಕೊಟ್ಟಿದ್ದರೆ ಅದು ಅದೇ ಲೇಖನಕ್ಕೆ ಹೋಗುತ್ತದಾ ಎಂದು ನೋಡಿ. ಹತ್ತು ನಿಮಿಷದ ಕೆಲಸ. ಲಿಂಕ್ ಒಡೆದಿದ್ದರೆ ಕ್ಷಮಿಸಬಹುದು. ಆ ಹೆಸರಿನ ಲೇಖನವೇ ಎಲ್ಲೂ ಇಲ್ಲದಿದ್ದರೆ ಪುಸ್ತಕವನ್ನು ಅಲ್ಲೇ ಕೆಳಗಿಡಿ.