ಬಾರ್ಲಿ ಚರಟದ ರಾಶಿಗೆ ಟಾರ್ಪಾಲ್ ಹೊದಿಸಬೇಡಿ

ಅಣ್ಣಾ, ಬಿಯರ್ ಫ್ಯಾಕ್ಟರಿಯಿಂದ ಒಂದು ಟ್ರ್ಯಾಕ್ಟರ್ ಬಾರ್ಲಿ ಚರಟ (ಬಿಯರಿಗೆ ರಸ ತೆಗೆದು ಉಳಿದ ಹಸಿ ಕಾಳು) ತಂದು, ಕಣದಲ್ಲಿ ಸುರಿದು, ಟಾರ್ಪಾಲ್ ಹೊದಿಸಿದ್ದೀರಿ. ಭಾನುವಾರ ಒಣಗಿಸಿ ಅಣಬೆಗೆ ಹಾಕ್ತೀನಿ ಅಂತ ಬೇರೆ ಬರೆದಿದ್ದೀರಿ. ಫೋಟೋ ನೋಡಿ ಹೊಟ್ಟೆ ಚುರ್ ಅಂತು. ನಾನೂ ಹೀಗೇ ಮಾಡಿದ್ದೆ. ಮೂರನೇ ದಿನ ಟಾರ್ಪಾಲ್ ಎತ್ತಿದರೆ ಒಳಗಿಂದ ಹಬೆ, ಮೇಲೆಲ್ಲ ಹಸಿರು ಬೂಷ್ಟು. ಕೈ ಹಾಕಿದರೆ ಸುಡುತ್ತಿತ್ತು. ನಾತಕ್ಕೆ ಪಕ್ಕದ ಮನೆಯವರು ಒಂದು ವಾರ ಮಾತು ಬಿಟ್ಟರು.

ಒಣಗಿಸುವ ಯೋಚನೆ ಬಿಡಿ. ಚರಟದಲ್ಲಿ ನೂರಕ್ಕೆ 75-80 ಭಾಗ ನೀರೇ. ಟನ್ ತಂದರೆ ಒಣ ಮಾಲು 200-250 ಕೆಜಿ. ಬಾಡಿಗೆ ಕಟ್ಟಿದ್ದೂ ನೀರಿಗೆ, ಸೌದೆ ಉರಿಸುವುದೂ ನೀರಿಗೇ.

ನಂದು ಡ್ರಮ್ ಲೆಕ್ಕ: ಗಾಳಿ ಆಡದಂತೆ ತುಂಬಿ ಮುಚ್ಚಿ, ಹುಳಿ ಬರಿಸಿ ಹಸುವಿಗೆ ಮೇವು ಮಾಡುವುದು. 200 ಲೀಟರಿನ ನೀಲಿ ಡ್ರಮ್, ಅಗಲ ಬಾಯಿ, ಕ್ಲಾಂಪ್ ಮುಚ್ಚಳ. ಹಿಂದೆ ಏನು ತುಂಬಿದ್ದರು ಅಂತ ಕೇಳಿ ತಗೊಳ್ಳಿ, ಕೆಮಿಕಲ್ ಡ್ರಮ್ ಬೇಡವೇ ಬೇಡ. ಲೋಡ್ ಇಳಿದ ದಿನವೇ ತುಂಬಬೇಕು. ನೀರು ಸೋರಲು ಬಿಟ್ಟು, ಒಣ ಬೂಸಾ ಕಲಸಿ, 100 ಕೆಜಿಗೆ 2 ಕೆಜಿ ಬೆಲ್ಲ ಕರಗಿಸಿ ಚಿಮುಕಿಸಿ. ಬಾರ್ಲಿಯ ಸಿಹಿಯೆಲ್ಲ ಬಿಯರ್‌ಗೆ ಹೋಗಿರುತ್ತದೆ, ಹುಳಿ ಬರಲು ಏನಾದರೂ ಬೇಕಲ್ವಾ? ಆಲೆಮನೆಯ ಕಪ್ಪು ಬೆಲ್ಲ ಸಾಕು. ಮೇವು ಹುಳಿ ಬರಿಸಲು ಮಾರುವ ದುಬಾರಿ ಸೈಲೇಜ್ ಪುಡಿಗೆ ಸುಮ್ನೆ ದುಡ್ಡು ಹಾಕಬೇಡಿ, ನಾನು ಹಾಕಿ ನೋಡಿದ್ದೀನಿ, ವ್ಯತ್ಯಾಸ ಕಾಣಲಿಲ್ಲ. ಪದರ ಪದರವಾಗಿ ಕಾಲಲ್ಲಿ ತುಳಿಯಿರಿ. ಹೆಬ್ಬೆರಳು ಒತ್ತಿದರೆ ಇಳಿಯಬಾರದು. ಮೂರು ವಾರಕ್ಕೆ ಮೊಸರಿನಂಥ ಹುಳಿ ವಾಸನೆ ಬಂದರೆ ಗೆದ್ದಿರಿ.

ಹಸುವಿಗೆ ದಿನಕ್ಕೆ 2 ಕೆಜಿಯಿಂದ ಶುರು ಮಾಡಿ, ಎಂಟು ಹತ್ತು ಕೆಜಿ ದಾಟಬೇಡಿ. ಇದರಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಮಿನರಲ್ ಮಿಕ್ಸ್ಚರ್ ತಪ್ಪಿಸಬೇಡಿ. ಹಾಲು ಜಾಸ್ತಿ ಆಯ್ತು ಅಂತ ನಂದಿನಿ ಫೀಡ್ ಪೂರ್ತಿ ನಿಲ್ಲಿಸಿದವರನ್ನು ನೋಡಿದ್ದೀನಿ, ಅದು ದಡ್ಡತನ.

ಅಣಬೆಗೆ ಬೇಕಿದ್ದರೆ ಅವತ್ತಿನ ತಾಜಾ ಚರಟ ತನ್ನಿ. ಆಯ್ಸ್ಟರ್ (ಚಿಪ್ಪು) ಅಣಬೆಗೆ ಭತ್ತದ ಹುಲ್ಲೇ ಮುಖ್ಯ, ಇದು ಹತ್ತರಲ್ಲಿ ಒಂದು ಪಾಲು. ಹುಲ್ಲಿನ ಜೊತೆಗೇ ಬೇಯಿಸಿ. ಪ್ರೋಟೀನ್ ಜಾಸ್ತಿಯಾದರೆ ಅಣಬೆ ಬೆಳೆಯುವ ಚೀಲ ಬಿಸಿಯಾಗಿ ಹಸಿರು ಬೂಷ್ಟು ಹತ್ತುತ್ತದೆ.

ಹಿಟ್ಟು ಮಾಡಿ ಬಿಸ್ಕತ್ತಿಗೆ ಮಾರೋಣ ಅಂತ ಇನ್ನೊಬ್ಬರು ಹೇಳಿದ್ದಾರೆ. ಕಣದಲ್ಲಿ ಸುರಿದದ್ದನ್ನು ಮನುಷ್ಯರಿಗೆ ತಿನ್ನಿಸ್ತೀರಾ? ಮೈಸೂರಲ್ಲೇ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಮೊದಲು ಹೋಗಿ ಕೇಳಿ.

ಈಗಿರುವ ರಾಶಿಯಲ್ಲಿ ಬೂಷ್ಟು ಕಂಡರೆ ಹಸುವಿಗೆ ಒಂದು ಹಿಡಿಯೂ ಬೇಡ, ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ. ಕಬ್ಬಿನ ತರಗು, ಸಗಣಿ ಬೆರೆಸಿ ತಿಪ್ಪೆಗೆ ಹಾಕಿ. ಕಾವು ಇಳಿಯುವ ಮೊದಲು ಎರೆಹುಳ ಬಿಟ್ಟೀರಿ, ಒಂದೂ ಉಳಿಯಲ್ಲ.